ಊರಿನವಳು

ನಾಲ್ಕು ಗಂಟೆಗೆ ಮೊದಲು ಮನೆ ಕಡೆ ತಲೆ ಹಾಕಬೇಡ ಎಂದು ಡೋಲಿನಾ ಹೇಳಿದ ರೀತಿಯಲ್ಲೇ ಏನೋ ಇತ್ತು. ಹೇಳುವಾಗ ಅವಳು ಹ್ಯೂಯಿನಾಳ ಮುಖ ನೋಡಲಿಲ್ಲ. ಒಲೆಯ ಮೇಲಿದ್ದ ಓಟ್ಸ್ ಗಂಜಿ ಈಗಲೋ ಆಗಲೋ ಎದ್ದು ಓಡಿಹೋಗುತ್ತದೆ ಎಂಬಂತೆ ಅದನ್ನೇ ಕಾಯುತ್ತಿದ್ದಳು. "ನೆಲ ಒರೆಸ್ಬೇಕು, ಪರದೆ ಒಗೀಬೇಕು, ನೀನಿದ್ರೆ ಕಾಲಿಗೆ ತೊಡರ್ತೀಯ. ಹೋಗು, ಊರು ನೋಡ್ಕೊಂಡು ಬಾ." ನೋಡಿಕೊಂಡು ಬರುವುದಕ್ಕೆ ಇದೇನು ಪರವೂರೇ? ಹ್ಯೂಯಿನಾ ತೊಟ್ಟಿದ್ದ ಹೊಸ ನೀಲಿ ಕೋಟನ್ನು, ಈ ಭೇಟಿಗೆಂದೇ ಗ್ಲಾಸ್ಗೋದ ಅಂಗಡಿ ಅಂಗಡಿ ಹತ್ತಿಳಿದು ಆರಿಸಿದ ಕೋಟನ್ನು, ಡೋಲಿನಾ ಕಾಲರು ಹಿಡಿದು ಕಳಚಿಸಿ ಗೂಟಕ್ಕೆ ಹಾಕಿ, ತೀರಿಹೋದ ಗಂಡನ ಹಳದಿ ಮಳೆಯಂಗಿಯನ್ನು ಅವಳ ಹೆಗಲಿಗೇರಿಸಿದಳು. "ಮಳೆ ಬರೋ ಹಾಗಿದೆ." ಆಕಾಶದಲ್ಲಿ ಹುಡುಕಿದರೂ ಒಂದು ಮೋಡವಿರಲಿಲ್ಲ. ಅಂಗಿಯ ಮೊಣಕೈ ತೂತಾಗಿತ್ತು, ಎದೆಯ ಮೇಲೆ ದೋಣಿಗೆ ಬಳಿದ ಬಣ್ಣ ಚಕ್ಕೆಗಟ್ಟಿತ್ತು. ಸತ್ತ ಗಂಡಸಿನ ಅಂಗಿ ತೊಟ್ಟು, ತನ್ನ ಅರವತ್ತನಾಲ್ಕನೆಯ ವಯಸ್ಸಿನಲ್ಲಿ ದೊಡ್ಡಮ್ಮನ ಮಗಳ ಮನೆಯಿಂದ ಹೊರದಬ್ಬಿಸಿಕೊಂಡ ಹ್ಯೂಯಿನಾ ಮೆಟ್ಟಿಲ ಮೇಲೆ ನಿಂತಳು. ಇಡೀ ದಿನ ಬಸ್ಸಿನಲ್ಲಿ ಕೂತು ಬಂದದ್ದು ಒಂದು ಮಾತು ಕೇಳಲು. ಅದನ್ನು ಇವತ್ತೂ ಕೇಳಲಿಲ್ಲ. ಮಾತು ಚಿಕ್ಕದು. ಬರುವ ತಿಂಗಳು ನನ್ನ ಮದುವೆ, ನನ್ನ ಪಕ್ಕ ನಿಲ್ಲುತ್ತೀಯಾ? ಮದುವೆಯ ಸುದ್ದಿಯನ್ನೇನೋ ಫೋನಿನಲ್ಲೇ ತಿಳಿಸಿಯಾಗಿತ್ತು. "ಓ," ಎಂದಿದ್ದಳು ಡೋಲಿನಾ, "ಒಳ್ಳೇದಾಯ್ತು." ಆ 'ಓ'ವನ್ನು ಹ್ಯೂಯಿನಾ ವಾರಗಟ್ಟಲೆ ತಿರುವಿ ಮಗುಚಿ ನೋಡಿದ್ದಳು. ಮದುವೆಯ ಹೊತ್ತಿನಲ್ಲಿ ಹೆಣ್ಣಿನ ಪಕ್ಕ ಅವಳ ಕಡೆಯವರೊಬ್ಬರು ನಿಲ್ಲಬೇಕು. ನಿಲ್ಲುವವರಿಲ್ಲ ಎಂದರೆ ಅವಳಿಗೆ ಊರೇ ಇಲ್ಲ ಎಂದು ಅರ್ಥ.

ಇಳಿಜಾರಿನ ರಸ್ತೆ ಬಂದರಿನ ಕಡೆ ಇಳಿಯುತ್ತಿತ್ತು. ಕಾಲಿಗೆ ದಾರಿ ನೆನಪಿತ್ತು, ಕಣ್ಣಿಗಿರಲಿಲ್ಲ. ಸ್ಕಾರ್ವಿಕ್ಕಿನ ಬೂದು ಕಲ್ಲಿನ ಮನೆಗಳಿಗೆಲ್ಲ ಈಗ ಮಿಠಾಯಿಯ ಬಣ್ಣ. ಬಾಗಿಲ ಪಕ್ಕದಲ್ಲಿ ಬೀಗದಕೈ ಇಡುವ ಪುಟ್ಟ ಕಬ್ಬಿಣದ ಡಬ್ಬಿ. ಅಂಕಿ ಒತ್ತಿದರೆ ತೆರೆದುಕೊಳ್ಳುತ್ತದೆ, ಬಾಡಿಗೆ ತೆತ್ತರೆ ಒಂದು ವಾರದ ಮಟ್ಟಿಗೆ ಯಾರು ಬೇಕಾದರೂ ಸ್ಕಾರ್ವಿಕ್ಕಿನವರಾಗಬಹುದು. ಅವಳು ಹುಟ್ಟಿದ ಮನೆಯ ಹಣೆಯ ಮೇಲೆ 'ಮೀನುಗಾರನ ವಿಶ್ರಾಂತಿ' ಎಂದು ಬರೆದ ಹಲಗೆ ತೂಗುತ್ತಿತ್ತು. ಯಾವ ಮೀನುಗಾರ, ಯಾವ ವಿಶ್ರಾಂತಿ? ಅವಳಪ್ಪ ಭಾನುವಾರ ಚರ್ಚಿನಲ್ಲಿ ಕೂತು ತೂಕಡಿಸಿದ್ದು ಬಿಟ್ಟರೆ ಬೇರೆ ವಿಶ್ರಾಂತಿ ಕಂಡವನಲ್ಲ. ಅಮ್ಮ ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು ಹೆರಿಂಗ್ ಮೀನಿನ ಕರುಳು ತೆಗೆಯುತ್ತಿದ್ದಳು, ಹಾಡುತ್ತಿದ್ದಳು, ಹಾಡುತ್ತಲೇ ಧಣಿಗಳಿಗೆ ಶಾಪ ಹಾಕುತ್ತಿದ್ದಳು, ರಾಗ ಮಾತ್ರ ಕೆಡಿಸುತ್ತಿರಲಿಲ್ಲ. ಕಿಟಕಿಯ ಒಳಗೆ ಮರದ ಬಿಳಿ ಕಡಲಹಕ್ಕಿಯೊಂದು ನಿಂತಿತ್ತು, ಕೊಂಡು ತಂದದ್ದು. ನಿಜವಾದ ಕಡಲಹಕ್ಕಿ ಸೂರಿನ ಮೇಲೆ ನಿಂತು ಹಲಗೆಯ ಮೇಲೆ ಹಿಕ್ಕೆ ಹಾಕಿತ್ತು. ಹ್ಯೂಯಿನಾಳಿಗೆ ಬೆಳಗಿನಿಂದ ಮೊದಲ ಸಲ ನಗು ಬಂತು. ಈ ಊರಿನಲ್ಲಿ ಪ್ರತಿಭಟಿಸುವ ಕೆಲಸವನ್ನು ಕೊನೆಗೆ ಹಕ್ಕಿಗಳಿಗೇ ವಹಿಸಿದ್ದಾರೆ.

ಬೇಕರಿಯ ಗಂಟೆ ಟಿಣ್ ಎಂದದ್ದೇ ಒಳಗಿನ ಮಾತು ಕತ್ತರಿಸಿದಂತೆ ನಿಂತಿತು. ಕಟ್ಟೆಯ ಹಿಂದಿದ್ದ ಎಫೀ, ಮುಷ್ಕರದ ಕಾಲದಲ್ಲಿ ಮೀನಿನ ಕಾರ್ಖಾನೆಯ ಗೇಟಿನ ಮುಂದೆ ತಾಯಿಯ ಕೈ ಹಿಡಿದು ನಿಂತಿದ್ದ ಸಿಂಬಳದ ಹುಡುಗಿ, ಈಗ ಐವತ್ತರ ಅಗಲವಾದ ಹೆಂಗಸು, ಕೈಲಿದ್ದ ದೊಡ್ಡ ಡಬ್ಬವೊಂದನ್ನು ಸರಕ್ಕನೆ ಕಟ್ಟೆಯ ಕೆಳಗೆ ತಳ್ಳಿದಳು. ಎದುರಿಗಿದ್ದ ಇಬ್ಬರು ಹೆಂಗಸರು ಗೋಡೆಯ ಕಡೆ ತಿರುಗಿದರು.

"ಓ. ನೀವಾ," ಎಂದಳು ಎಫೀ.

"ನಾನೇ ಕಣಮ್ಮ. ಬೆಣ್ಣೆ ಬನ್ನು ಎರಡು ಕೊಡು."

"ಮುಗೀತಲ್ಲ."

"ಅಲ್ಲಿ ಬುಟ್ಟಿ ತುಂಬ ಇವೆಯಲ್ಲೇ?"

ಎಫೀ ತಿರುಗಿ ಬುಟ್ಟಿಯನ್ನು, ಈಗ ತಾನೇ ಯಾರೋ ತಂದಿಟ್ಟು ಹೋದರು ಎಂಬಂತೆ, ಬೆರಗಾಗಿ ನೋಡಿದಳು. "ಅವು... ನಿನ್ನೇವು."

"ನಿನ್ನೇವು ಹಬೆ ಆಡ್ತಿವೆ?"

ಗೋಡೆ ಕಡೆ ತಿರುಗಿದ್ದವಳೊಬ್ಬಳು ಕೊರಳ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಳು. ಅವಳ ಭುಜ ಅಲುಗುತ್ತಿತ್ತು. ನಗುತ್ತಿದ್ದಾಳೆ. ಕಾರ್ಖಾನೆ ಮುಚ್ಚಿಸಿದವಳು ಹರಕು ಅಂಗಿ ತೊಟ್ಟು ಬನ್ನು ಬೇಡುತ್ತಿದ್ದಾಳೆ ಎಂದು ನಗುತ್ತಿದ್ದಾಳೆ. ಹ್ಯೂಯಿನಾ ಏನೂ ಕೊಳ್ಳದೆ ಹೊರಬಂದಳು. ಬಾಗಿಲು ಮುಚ್ಚಿದ ಕೂಡಲೇ ಒಳಗೆ ಮಾತು ಮತ್ತೆ ಹೊತ್ತಿಕೊಂಡದ್ದು ಬೆನ್ನಿಗೆ ಬಿಸಿಯಾಗಿ ತಾಗಿತು.

ಬಂದರಿನಲ್ಲಿ ದೋಣಿ ಕಟ್ಟುತ್ತಿದ್ದ ಕಬ್ಬಿಣದ ಬಳೆಗಳಿಗೆ ಈಗ ಬಿಳಿಯ ವಿಹಾರ ನೌಕೆಗಳನ್ನು ಕಟ್ಟಿದ್ದರು. ಮೀನಿನ ವಾಸನೆಯೇ ಇರಲಿಲ್ಲ. ವಾಸನೆ ಇಲ್ಲದ ಬಂದರು ಸೋಪಿನಲ್ಲಿ ಬಾಯಿ ತೊಳೆಸಿದ ಮುದುಕಿಯ ಹಾಗೆ ಸುಮ್ಮನೆ ಕೂತಿತ್ತು. ಕೊನೆಯಲ್ಲಿದ್ದ ಉದ್ದದ ಕಟ್ಟಡವೇ ಹೆಂಡ್ರಿಯ ಕಾರ್ಖಾನೆ. ಅಲ್ಲಿ ಅವರೆಲ್ಲ ಸಾಲಾಗಿ ನಿಂತು, ಐಸು ಕರಗಿದ ನೀರಿನಲ್ಲಿ ಕೈ ಅದ್ದಿ ಅದ್ದಿ ಮೀನು ಸೀಳುತ್ತಿದ್ದರು. ಚಾಕು ಬೆರಳಿಗೆ ತಗುಲಿದರೆ ಗೊತ್ತಾಗುತ್ತಿದ್ದುದು ನೋವಿನಿಂದಲ್ಲ, ಮೀನು ಕೆಂಪಾಗುವುದರಿಂದ. ಕೇಳಿದ್ದು ಒಂದೇ ಒಂದು: ಆಗಾಗ ಕೈ ಅದ್ದಿಕೊಳ್ಳಲು ಒಂದು ತೊಟ್ಟಿ ಬಿಸಿನೀರು. ಇವತ್ತು ಬಿಸಿನೀರು ಕೊಟ್ಟರೆ ನಾಳೆ ಸೋಪು ಕೇಳುತ್ತೀರಿ ಎಂದ ಧಣಿ ಹೆಂಡ್ರಿ, ಅವನ ಕೈ ಮೊಲದ ಚರ್ಮದ ಗವಸಿನೊಳಗಿತ್ತು. ಹ್ಯೂಯಿನಾ ಮೇಜಿನ ಮೇಲೆ ಹತ್ತಿ ನಿಂತದ್ದು ಆಗ. ಇಪ್ಪತ್ತೆರಡರ ಹುಡುಗಿ, ಗಮ್‌ಬೂಟು, ತಲೆಯ ತುಂಬ ಮೀನಿನ ಪೊರೆ. ಏನು ಮಾತಾಡಿದಳೋ ನೆನಪಿಲ್ಲ; ಚಾಕುಗಳು ಒಂದರ ಹಿಂದೊಂದು ತಗಡಿನ ಮೇಲೆ ಬಿದ್ದ ಸದ್ದು ಮಾತ್ರ ಈಗಲೂ ಕಿವಿಯಲ್ಲಿದೆ, ಬೇರಾವ ಸಂಗೀತವೂ ಅದರ ಮುಂದೆ ನಿಲ್ಲದು. ಗೇಟಿನ ಮುಂದೆ ವಾರಗಟ್ಟಲೆ ಕೂತರು. ಹಳೆಯ ಪೆಟ್ಟಿಗೆ ಸುಟ್ಟು ಚಳಿ ಕಾಯಿಸಿಕೊಂಡರು, ಹೆಂಡ್ರಿಯ ಕಾರು ಬಂದಾಗ ಅಮ್ಮಂದಿರ ಹಾಡಿಗೆ ಹೊಲಸು ಸಾಲು ಕಟ್ಟಿ ಹಾಡಿದರು, ಆಲೂಗಡ್ಡೆ ಸೂಪನ್ನು ಒಂದೇ ಹಂಡೆಯಿಂದ ಕುಡಿದರು. ಬಾಳಿನಲ್ಲಿ ಅಷ್ಟು ಸಂತೋಷವಾಗಿ ತಾನು ಇನ್ನೆಂದೂ ಇರಲಿಲ್ಲ ಎಂಬುದನ್ನು ಹ್ಯೂಯಿನಾ ಯಾರಿಗೂ ಹೇಳಿರಲಿಲ್ಲ. ಊರಿನ ಒಲೆಗಳನ್ನೆಲ್ಲ ಆರಿಸಿದ ಬೆಂಕಿಯಲ್ಲಿ ನಾನು ಮೈ ಕಾಯಿಸಿಕೊಂಡೆ ಎಂದು ಯಾವ ಬಾಯಿಂದ ಹೇಳುವುದು? ಆ ವರ್ಷದ ಬೇಸಿಗೆ ಮುಗಿಯುವ ಮೊದಲೇ ಹೆಂಡ್ರಿ ಯಂತ್ರಗಳನ್ನು ಲಾರಿಗೆ ಹೇರಿ ದಕ್ಷಿಣಕ್ಕೆ ಸಾಗಿಸಿದ. ಅವನು ಹೇಗಿದ್ದರೂ ಹೋಗುವವನೇ. ಮೀನು ಹೋದಲ್ಲಿ ಹಣ ಹೋಗುತ್ತದೆ, ಹಣ ಹೋದಲ್ಲಿ ಹೆಂಡ್ರಿ. ಗ್ಲಾಸ್ಗೋದ ಆಸ್ಪತ್ರೆಯಲ್ಲಿ ನೆಲ ಒರೆಸುತ್ತ, ಯೂನಿಯನ್ ಕಟ್ಟುತ್ತ, ಸಭೆ ಸಭೆಯಲ್ಲಿ ಅವಳು ಇದನ್ನೇ ಬೇರೆಯವರಿಗೆ ಬಿಡಿಸಿ ಹೇಳಿದ್ದಳು. ತಲೆಗೆ ಗೊತ್ತಿದ್ದದ್ದು ಹೊಟ್ಟೆಗೆ ಇಳಿದಿರಲಿಲ್ಲ, ಅಷ್ಟೆ.

ಕಾರ್ಖಾನೆ ಈಗ ಮೀನುಗಾರಿಕೆಯ ವಸ್ತುಸಂಗ್ರಹಾಲಯ. ಬಾಗಿಲಲ್ಲಿ ಮೇಣದ ಹೆಂಗಸೊಬ್ಬಳು ಬೆರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡು ನಗುತ್ತಿದ್ದಳು. ಅಂಥ ಬಿಳಿ ಬಟ್ಟೆಯನ್ನು ಅಮ್ಮ ಮದುವೆಗೂ ಕಂಡಿರಲಿಲ್ಲ. ಗೋಡೆಯ ಹಲಗೆ ಹೇಳುತ್ತಿತ್ತು, ಮಾರುಕಟ್ಟೆಯ ಬದಲಾವಣೆಯಿಂದ ಕಾರ್ಖಾನೆ ತನ್ನ ಬಾಗಿಲು ಮುಚ್ಚಿಕೊಂಡಿತು. ಮುಚ್ಚಿಕೊಂಡಿತಂತೆ! ಬಾಗಿಲಿಗೇ ಬೇಸರ ಬಂದು ತನ್ನಷ್ಟಕ್ಕೆ ತಾನೇ ಮುಚ್ಚಿಕೊಂಡಿತು. ಮುಚ್ಚಿದವನಿಲ್ಲ, ಬೀದಿಗೆ ಬಿದ್ದವರಿಲ್ಲ, ಬಿಸಿನೀರು ಕೇಳಿದವರಂತೂ ಹುಟ್ಟಿಯೇ ಇಲ್ಲ. ಸಿಟ್ಟು ಅವಳಿಗೆ ಹಿತವಾಗಿತ್ತು, ಹಳೆಯ ಬೂಟಿನೊಳಗೆ ಕಾಲಿಟ್ಟ ಹಾಗೆ. ಆದರೆ ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಹಲಗೆಯಲ್ಲಿ ತನ್ನ ಹೆಸರಿಲ್ಲದಿರಬಹುದು, ಊರಿನ ಬಾಯಲ್ಲಿದೆ.

ಅಷ್ಟರಲ್ಲಿ ಜೇಮ್ಸೀನಾ ಕಂಡಳು. ದಡದ ಬೆಂಚಿನ ಹತ್ತಿರ, ಚಕ್ರದ ನಡೆಗೋಲು ಹಿಡಿದು, ಬೆನ್ನು ಬಾಗಿ. ಮೀನಿನ ಮೇಜಿನಲ್ಲಿ ಹ್ಯೂಯಿನಾಳ ಎಡಗಡೆಗೆ ನಿಲ್ಲುತ್ತಿದ್ದವಳು. ಮುಷ್ಕರದ ಹೊತ್ತಿಗೆ ಅವಳಿಗೆ ಮೂರು ಮಕ್ಕಳು, ಕುಡುಕ ಗಂಡ. ಕೆಲಸ ಹೋದ ಮೇಲೆ ಬೇಟೆಗೆ ಬರುವ ಸಿರಿವಂತರ ಬಂಗಲೆಯಲ್ಲಿ ಕಕ್ಕಸು ತೊಳೆದು ಮೂವರನ್ನೂ ದೊಡ್ಡವರನ್ನಾಗಿ ಮಾಡಿದಳು. ಗ್ಲಾಸ್ಗೋದಲ್ಲಿ ಕಕ್ಕಸಿಗೆ ಬ್ರಷ್ಷು ಹಾಕಿದಾಗಲೆಲ್ಲ ಹ್ಯೂಯಿನಾಳಿಗೆ ಜೇಮ್ಸೀನಾಳ ನೆನಪು. ಎಷ್ಟೋ ಸಲ ಮನಸ್ಸಿನಲ್ಲೇ ಅವಳ ಮುಂದೆ ನಿಂತು ಮಾತಾಡಿದ್ದಳು. ಈಗ ನಿಜವಾಗಿಯೂ ಮಾತಾಡಬೇಕು ಎಂದು ಹೆಜ್ಜೆ ಚುರುಕು ಮಾಡಿದಳು. ಜೇಮ್ಸೀನಾ ತಲೆಯೆತ್ತಿದವಳು, ನೋಡಿದಳು, ಕಣ್ಣರಳಿಸಿದಳು, ನಡೆಗೋಲನ್ನು ಗಿರಕ್ಕನೆ ತಿರುಗಿಸಿ ಹೊರಟೇಬಿಟ್ಟಳು. ಎಂಬತ್ತು ದಾಟಿದ ಹೆಂಗಸು ಚಕ್ರದ ಮೇಲೆ ಅಷ್ಟು ವೇಗವಾಗಿ ಹೋಗಬಹುದೆಂದು ಹ್ಯೂಯಿನಾ ಕನಸಿನಲ್ಲೂ ಎಣಿಸಿರಲಿಲ್ಲ.

"ಜೇಮ್ಸೀನಾ! ನಿಲ್ಲೇ! ನಾನು, ಹ್ಯೂಯಿನಾ!"

"ಗೊತ್ತು ಗೊತ್ತು!" ತಿರುಗದೆಯೇ ಕೂಗಿದಳು ಜೇಮ್ಸೀನಾ. "ಮಾತ್ರೆ ತಗೋಬೇಕು! ಪುರುಸೊತ್ತಿಲ್ಲ!" ಮೂಲೆ ತಿರುಗುವಾಗ ನಡೆಗೋಲಿನ ಒಂದು ಚಕ್ರ ನೆಲ ಬಿಟ್ಟು ಮೇಲೆದ್ದಿತು.

ದಡದ ಮೇಲೆ ಹ್ಯೂಯಿನಾ ಒಬ್ಬಳೇ. ನೌಕೆಯಲ್ಲಿದ್ದ ಟೋಪಿಯ ಗಂಡಸು ಅವಳನ್ನು ನೋಡಿ ಕೈಬೀಸಿದ; ಹಳದಿ ಅಂಗಿ ಕಂಡು ಹಳೆಯ ಕಾಲದ ಮೀನುಗಾರ್ತಿ ಎಂದುಕೊಂಡನೇನೋ, ಫೋಟೋ ತೆಗೆದ. ಕಿಸೆಯಲ್ಲಿ ಫೋನು ಗುರುಗುಟ್ಟಿತು. ಆರ್ಚಿ. ಬರುವ ತಿಂಗಳು ಅವಳ ಕೈಹಿಡಿಯುವವನು, ಹಡಗು ಕಟ್ಟೆಯಲ್ಲಿ ಬೆಸುಗೆ ಹಾಕಿ ಹಾಕಿ ಅರ್ಧ ಕಿವುಡಾದವನು, ಫೋನಿನಲ್ಲಿ ಯಾವಾಗಲೂ ಆಚೆ ದಡದವರನ್ನು ಕರೆಯುವ ಹಾಗೆ ಕಿರುಚುತ್ತಾನೆ.

"ಏನಮ್ಮಾ ಮದುಮಗಳೇ, ಊರವರು ನಿನ್ನ ಸೀಳಿ ಉಪ್ಪು ಹಾಕಿದ್ರಾ?"

"ಇನ್ನೂ ಇಲ್ಲ. ಬೆನ್ನು ಮಾತ್ರ ತೋರಿಸಿದಾರೆ."

"ಡೋಲಿನಾನ ಕೇಳಿದ್ಯಾ?"

"ಇಲ್ಲ. ಕೇಳೋದೂ ಇಲ್ಲ. ಸಂಜೆ ಬಸ್ಸಿಗೆ ಹೊರಟುಬರ್ತೀನಿ."

ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. "ಸಂಜೆಗಾ? ಬೇಡ ಬೇಡ, ನಾಳೆ ಬಾರೇ. ಸಂಜೆ ಬಸ್ಸು... ಸಂಜೆ ಬಸ್ಸಿನ ಸೀಟು ಗಟ್ಟಿ." ಇವನಿಗೂ ತಾನು ಬೇಗ ಬರುವುದು ಬೇಡವಾಯಿತೇ? ಹ್ಯೂಯಿನಾ ಫೋನು ಮಡಚಿದಳು. ನಿಲ್ಲುವವರು ಯಾರೂ ಬೇಡ. ಒಬ್ಬಳೇ ನಿಲ್ಲುತ್ತೇನೆ, ಒಬ್ಬಳೇ ಮೇಜು ಹತ್ತಿ ನಿಂತವಳಿಗೆ ಇದೇನು ಮಹಾ. ಆದರೆ ಬಾಯಿ ಕಹಿಯಾಗಿತ್ತು. ಇಳಿಜಾರು ಹತ್ತುವಾಗ ಮಳೆಯಂಗಿಯೊಳಗೆ ಬೆವರು, ಬೆವರಿನೊಳಗೆ ಅಳು. ನಾಲ್ಕು ಹೊಡೆದಿರಲಿಲ್ಲ. ಹೊಡೆಯದಿದ್ದರೆ ಹೊಡೆಯದಿರಲಿ, ನೆಲ ಒದ್ದೆಯಿದ್ದರೆ ತುಳಿದೇ ಹೋಗುತ್ತೇನೆ, ನೀಲಿ ಕೋಟು ಎತ್ತಿಕೊಂಡು ಹೊರಟುಬಿಡುತ್ತೇನೆ ಎಂದುಕೊಂಡು ಹಿತ್ತಲಿನ ಗೇಟು ತಳ್ಳಿದಳು.

ಹಿತ್ತಲ ತುಂಬ ಹೆಂಗಸರು. ಮೇಜಿನ ಸುತ್ತ ನಿಂತವರು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತವರು, ಬಾಗಿಲಿಗೆ ಒರಗಿದವರು. ಬೆಳಗಿನ ಎಫೀ. ಕೊರಳ ಬಟ್ಟೆಯವಳು. ಜೇಮ್ಸೀನಾ, ಕುರ್ಚಿಯಲ್ಲಿ, ಇನ್ನೂ ಏದುಸಿರು ಬಿಡುತ್ತ. ಎಲ್ಲರೂ ಒಟ್ಟಿಗೆ ತಿರುಗಿದರು, ಎಲ್ಲರೂ ಒಟ್ಟಿಗೆ ಸುಮ್ಮನಾದರು. ಪಂಚಾಯಿತಿ ಸೇರಿಸಿದ್ದಾರೆ. ಹ್ಯೂಯಿನಾಳಿಗೆ ವಿಚಿತ್ರವಾದ ನೆಮ್ಮದಿ, ಕೊನೆಗೂ ಮುಖ ನೋಡಿ ಬಯ್ಯುತ್ತಾರಲ್ಲ ಎಂದು. ಹೇಳಬೇಕೆಂದು ವರ್ಷಗಟ್ಟಲೆ ಕಟ್ಟಿಟ್ಟ ಮಾತಿನ ಮೊದಲ ತುದಿ ನಾಲಿಗೆಗೆ ಬಂತು.

"ಅಯ್ಯೋ ಇವಳ ಮನೆ ಹಾಳಾಗ, ಇನ್ನೂ ಹೊತ್ತಾಗಿಲ್ಲ!" ಎಂದು ಡೋಲಿನಾ ಒಳಗಿನಿಂದ ಕೋಳಿಗರಿಯ ದಿಂಬು ಹಿಡಿದು ಓಡಿಬಂದಳು. "ಹೊರಗೆ ಹೋಗೇ! ಹಿಟ್ಟು ಜರಡಿ ಹಿಡಿದಿಲ್ಲ!"

"ಜರಡಿ ಯಾತಕ್ಕೆ, ಕೇಕು ಮಾಡ್ತಿದೀಯಾ? ಹಿಡೀರೇ ಅವಳನ್ನ!" ಎಂದಳು ಜೇಮ್ಸೀನಾ.

ಮೊದಲ ಡಬ್ಬ ತಲೆಯ ಮೇಲೆ ಬೋರಲಾದಾಗ ಅವಳಿಗೆ ತಿಳಿದದ್ದು ರುಚಿಯಿಂದ. ಕಾಕಂಬಿ. ತಣ್ಣಗೆ, ಕಪ್ಪಗೆ, ಆತುರವಿಲ್ಲದೆ ಹಣೆಯಿಂದ ಹುಬ್ಬಿಗೆ, ಹುಬ್ಬಿನಿಂದ ಬಾಯಿಗೆ. ಈ ಕಡಲದಂಡೆಯಲ್ಲಿ ಮದುವೆಗೆ ನಿಂತ ಹೆಣ್ಣನ್ನು, ಗಂಡನ್ನು ಸುಮ್ಮನೆ ಬಿಡುವುದಿಲ್ಲ. ನೆಂಟರು, ನೆರೆಯವರು, ಜೊತೆಗೆ ದುಡಿದವರು ಹೊಂಚು ಹಾಕಿ ಹಿಡಿದು, ಕಾಕಂಬಿ, ಮಸಿ, ಹಿಟ್ಟು, ಗರಿ, ಮೀನಿನ ಕರುಳು, ಕೈಗೆ ಸಿಕ್ಕಿದ್ದನ್ನೆಲ್ಲ ಬಳಿದು, ತೆರೆದ ಗಾಡಿಗೆ ಹತ್ತಿಸಿ, ತಗಡು ಬಡಿಯುತ್ತ ಊರೆಲ್ಲ ಮೆರೆಸುತ್ತಾರೆ. ಸುದ್ದಿ ಮದುಮಗಳ ಕಿವಿಗೆ ಬೀಳಕೂಡದು, ಅವಳನ್ನು ಕಂಡರೆ ಮಾತು ನುಂಗಿ ಓಡಬೇಕು, ಅದೇ ಕಟ್ಟಳೆ. ಪರವೂರಿನವರಿಗೆ ಇದನ್ನು ಮಾಡುವುದಿಲ್ಲ. ಬೇಡವಾದವರಿಗೆ ಮಾಡುವ ಪ್ರಶ್ನೆಯೇ ಇಲ್ಲ, ಅವರ ಮೇಲೆ ಸುರಿದರೆ ಕಾಕಂಬಿ ದಂಡ. ಹ್ಯೂಯಿನಾ ತಾನೇ ಹುಡುಗಿಯಾಗಿದ್ದಾಗ ಎಷ್ಟು ಮದುವಣಗಿತ್ತಿಯರ ಕೂದಲಿಗೆ ಮಸಿ ತಿಕ್ಕಿಲ್ಲ! ಆದರೂ ತಿರುಗಿದ ಬೆನ್ನುಗಳಲ್ಲಿ, ನಿಂತ ಮಾತುಗಳಲ್ಲಿ ಅವಳು ಓದಿದ್ದು ಒಂದೇ ಅರ್ಥ. ಬೇರೆಯದು ಹೊಳೆಯಲೇ ಇಲ್ಲ. ಅರವತ್ತನಾಲ್ಕರ ಹೆಂಗಸನ್ನು ಯಾರಾದರೂ ಮದುಮಗಳೆಂದು ಎಣಿಸಿಯಾರು ಎಂದೂ ಹೊಳೆಯಲಿಲ್ಲ. ಬಾಯಿ ತೆರೆದಳು, ಅಳುವುದಕ್ಕೋ ನಗುವುದಕ್ಕೋ. ಎಫೀ ಅದೇ ಹೊತ್ತು ನೋಡಿ ಹಿಟ್ಟು ಎರಚಿದಳು.

"ಜೇಮ್ಸೀನಾ," ಹಿಟ್ಟು ಉಗುಳುತ್ತ ಅವಳು ಕುರ್ಚಿಯ ಕಡೆ ಹೆಜ್ಜೆ ಎಳೆದಳು, "ಜೇಮ್ಸೀನಾ, ನನ್ನಿಂದ ನಿನ್ನ ಕೆಲಸ ಹೋಯ್ತಲ್ಲೇ. ನಿನ್ನ ಮಕ್ಕಳ ಬಾಯಿಂದ..."

"ಏನಂದೆ?" ಜೇಮ್ಸೀನಾ ಕಿವಿಗೆ ಕೈ ಕೊಟ್ಟಳು. "ನಿನ್ನಿಂದಲಾ? ಕೇಳಿದ್ರೇನ್ರೇ ಇವಳ ಮಾತು! ನಿನ್ನ ಹಿಂದೆ ಬರೋಕೆ ನಾನೇನು ಕುರಿಯಾ? ನೀನು ಮೇಜು ಹತ್ತೋಕೆ ಮುಂಚೆ ಚಾಕು ಬಿಸಾಕಿದ್ದು ಯಾರು? ನಾನು. ನಿನಗೆ ಬಾಯಿ ದೊಡ್ಡದಿತ್ತು, ಅದಕ್ಕೆ ಹತ್ತು ಅಂತ ಹಿಂದಿನಿಂದ ತಳ್ಳಿದ್ದೂ ನಾನೇ. ಸ್ಟ್ರೈಕ್ ಮಾಡಿದ್ದು ನಾವು, ಅಷ್ಟೂ ಜನ. ಇವಳು ಅದನ್ನ ಒಬ್ಬಳೇ ಜೇಬಿಗೆ ಹಾಕ್ಕೊಂಡು ಗ್ಲಾಸ್ಗೋಗೆ ಹೋದಳು!"

ಹಿತ್ತಲೆಲ್ಲ ನಗು. ಹ್ಯೂಯಿನಾಳ ಗಲ್ಲದಿಂದ ಕಾಕಂಬಿ ತೊಟ್ಟಿಕ್ಕುತ್ತಿತ್ತು. ಇಷ್ಟು ವರ್ಷ ತಪ್ಪಿನ ಮೂಟೆ ಎಂದು ಹೊತ್ತದ್ದು ಬರೀ ಜಂಬವೇ? ಹಿಂದಿನಿಂದ ತಳ್ಳಿದ ಆ ಕೈ, ಹೌದು, ಸೊಂಟದ ಹತ್ತಿರ, ಐಸಿನಷ್ಟು ತಣ್ಣಗೆ. ಅವಳು ಮರೆತದ್ದು ಅದೊಂದನ್ನೇ.

"ಹಾಗಾದ್ರೆ ನಿನಗೆ ಸಿಟ್ಟಿಲ್ವಾ?"

"ಸಿಟ್ಟಿಲ್ಲದೆ? ಬೆಟ್ಟದಷ್ಟಿದೆ. ಗೇಟಿನ ಮುಂದೆ ಒಟ್ಟಿಗೆ ಹಾಡಿ, ಆಮೇಲೆ ಒಂದು ಕ್ರಿಸ್‌ಮಸ್ ಕಾರ್ಡು ಹಾಕದೆ ಹೋದ್ಯಲ್ಲ, ಅದಕ್ಕೆ. ತಗೋ ಅದಕ್ಕೆ!" ಎಂದು ಜೇಮ್ಸೀನಾ ಕುರ್ಚಿಯಿಂದಲೇ ಒಂದು ಮುಷ್ಟಿ ಒಲೆಯ ಮಸಿಯನ್ನು ಅವಳ ಎರಡೂ ಕೆನ್ನೆಗೆ ನಿಧಾನವಾಗಿ, ಅಚ್ಚುಕಟ್ಟಾಗಿ, ಏನೂ ಬಿಡದಂತೆ ತಿಕ್ಕಿದಳು. ತಿಕ್ಕಿದ ಮೇಲೂ ಕೈ ತೆಗೆಯಲಿಲ್ಲ.

ದಿಂಬು ಹರಿದು ಗರಿ ಹಾರುವಾಗ ಹ್ಯೂಯಿನಾ ಕೇಳಿಬಿಟ್ಟಳು, ಬಾಯೊಳಗೆ ಗರಿಯಿದ್ದರೂ. "ಡೋಲೀ, ಮದುವೇಲಿ ನನ್ನ ಪಕ್ಕ ನಿಂತ್ಕೋತೀಯಾ?"

"ಈಗ ಕೇಳ್ತಾಳೆ ನೋಡ್ರೇ!" ಡೋಲಿನಾ ಖಾಲಿ ದಿಂಬಿನಿಂದ ಅವಳ ಬೆನ್ನಿಗೆ ಬಾರಿಸಿದಳು. "ಉಡುಪು ಹೊಲಿಸಿ, ಬಿಗಿ ಅಂತ ಬಿಚ್ಚಿಸಿ, ಮತ್ತೆ ಹೊಲಿಸಿ ಆಯ್ತು ಮಾರಾಯ್ತಿ. ನಿನ್ನೆಯಿಂದ ಕಾಯ್ತಿದೀನಿ, ಇವಳು ಗಂಜಿ ಚೆನ್ನಾಗಿದೆ, ಹವಾ ಚೆನ್ನಾಗಿದೆ ಅಂತಾಳೇ ಹೊರತು ಬಾಯಿ ಬಿಡಲ್ಲ. ಕೇಳದೇ ಹೋಗಿದ್ರೆ ನಾನೇ ಬಂದು ನಿಂತ್ಕೋತಿದ್ದೆ. ನಡಿ, ಗಾಡಿ ಹತ್ತು. ನಿನ್ನ ಆರ್ಚಿ ಫೋಟೋ ಕಳಿಸಿ ಅಂತ ಪ್ರಾಣ ತಿಂತಿದಾನೆ."

ಮೈಮೇಲೆ ಒಂದು ಬಕೆಟ್ಟು ಮೀನಿನ ಕರುಳು ಸುರಿದು, ಎಫೀಯ ಗಂಡನ ತೆರೆದ ಟ್ರಕ್ಕಿನ ಹಿಂಬದಿಗೆ ಅವಳನ್ನು ಆಲೂಗಡ್ಡೆ ಚೀಲದಂತೆ ಎತ್ತಿ ಹಾಕಿದರು. ಜೇಮ್ಸೀನಾಳನ್ನು ಕುರ್ಚಿ ಸಮೇತ ಹತ್ತಿಸಿದರು. ಬಾಣಲೆ, ಸೌಟು, ತಗಡಿನ ಡಬ್ಬ, ಕಸದ ಡಬ್ಬಿಯ ಮುಚ್ಚಳ. ಎಫೀ ಹಾರ್ನು ಒತ್ತಿದವಳು ಬಿಡಲೇ ಇಲ್ಲ. ಮಿಠಾಯಿ ಬಣ್ಣದ ಮನೆಗಳ ಕಿಟಕಿಗಳು ತೆರೆದವು, ವಾರದ ಸ್ಕಾರ್ವಿಕ್ಕಿನವರು ಕಾಫಿ ಲೋಟ ಹಿಡಿದು ಹೊರಬಂದರು. ದಡದಲ್ಲಿ ಟೋಪಿಯವನು ಓಡಿಬಂದು ಟ್ರಕ್ಕಿನ ಪಕ್ಕ ಏದುತ್ತ ಕೇಳಿದ, "ಈ ಹೆಂಗಸು ಏನು ತಪ್ಪು ಮಾಡಿದಾರೆ?"

"ಮದುವೆ ಆಗ್ತಾಳಂತೆ ಸ್ವಾಮಿ, ಈ ವಯಸ್ಸಲ್ಲಿ!" ಎಂದಳು ಡೋಲಿನಾ.

ಯಾರೋ ಹಾಡು ಎತ್ತಿದರು. ಗೇಟಿನ ಮುಂದಿನ ಹಾಡು, ಹೊಲಸು ಸಾಲುಗಳ ಸಮೇತ, ಒಂದೂ ತಪ್ಪದೆ. ಎಫೀಗೂ ಬರುತ್ತಿತ್ತು, ತಾಯಿಯಿಂದ ಕಲಿತದ್ದಿರಬೇಕು. ವಸ್ತುಸಂಗ್ರಹಾಲಯದ ಮುಂದೆ ಅವರು ಬೇಕೆಂದೇ ನಿಧಾನ ಮಾಡಿ, ಧಣಿಯ ಹೆಸರು ಬರುವ ಸಾಲನ್ನು ಎರಡೆರಡು ಸಲ ಹಾಡಿದರು. ಮೇಣದ ಹೆಂಗಸಿನ ಮುಂದೆ ಟಿಕೆಟ್ಟಿಗೆ ನಿಂತಿದ್ದ ಜನ ತಿರುಗಿ, ಮುದುಕಿಯರು ತುಂಬಿದ ಟ್ರಕ್ಕನ್ನು ನೋಡುತ್ತ ಚಪ್ಪಾಳೆ ತಟ್ಟಿದರು. ಕಣ್ಣಿಗಿಳಿದ ಕಾಕಂಬಿಯ ಮೂಲಕ ಹ್ಯೂಯಿನಾಳಿಗೆ ದಡ, ಬಂದರು, ಬಿಳಿ ನೌಕೆ ಎಲ್ಲ ಕಂದು ಬಣ್ಣದ ಬೆಳಕಿನಲ್ಲಿ ತೇಲುತ್ತಿದ್ದಂತೆ ಕಂಡಿತು. ಕಡಲಹಕ್ಕಿಗಳು ಮೀನಿನ ಕರುಳಿನ ಆಸೆಗೆ ಟ್ರಕ್ಕಿನ ಹಿಂದೆ ಗುಂಪುಗಟ್ಟಿ ಅರಚುತ್ತ ಬರುತ್ತಿದ್ದವು. ಮೀನಿನ ವಾಸನೆ ತನ್ನಿಂದಲೇ ಬರುತ್ತಿದೆ ಎಂದು ತಿಳಿದಾಗ ಅವಳು ಎದೆ ತುಂಬ ಉಸಿರೆಳೆದಳು.

ಇಳಿಜಾರು ಹತ್ತಿ ಡೋಲಿನಾಳ ಮನೆಯ ತಿರುವು ಬಂದಾಗ ಟ್ರಕ್ಕು ವೇಗ ತಗ್ಗಿಸಿತು. ಎಫೀ ಕಿಟಕಿಯಿಂದ ತಲೆ ಹೊರಹಾಕಿ, "ಇಳಿಸ್ಲಾ? ಸಾಕಾಯ್ತಾ?" ಎಂದಳು.

ಹ್ಯೂಯಿನಾ ಅಂಟು ಕೈಯಿಂದ ಟ್ರಕ್ಕಿನ ತಲೆಯ ಮೇಲೆ ದಬದಬ ಬಡಿದಳು.

"ಸಾಕಾ? ಮೇಲಿನ ಬೀದಿಯವರು ನನ್ನ ಇನ್ನೂ ನೋಡಿಲ್ಲ. ನಡಿಯೇ!"